ಮಗಳಿಗೆ ಟ್ರೈನಿಂಗು, ಮನೆಗೆಲ್ಲ ಡ್ರಿಲ್ಲು

ಮಗಳು ಸೈನ್ಯದಲ್ಲಿ ಆಫೀಸರ್ ಆಗೋರು ಬರೆಯೋ ಸಿಡಿಎಸ್ ಪರೀಕ್ಷೆ ಪಾಸಾದಳು. ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಸೇರೋರಿಗೆ ಲೆಕ್ಕದ ಪೇಪರ್ ಇರೋಲ್ಲ, ಇಂಗ್ಲಿಷು ಮತ್ತು ಜನರಲ್ ನಾಲೆಡ್ಜ್ ಎರಡೇ. ಇದು ಗೊತ್ತಾದ ದಿನವೇ ಅವಳಿಗೆ ದೇಶಭಕ್ತಿ ಉಕ್ಕಿದ್ದು ಅನ್ನೋದು ಅವರಪ್ಪನ ಗುಮಾನಿ. ಇರಲಿ. ಪರೀಕ್ಷೆ ಅವಳೊಬ್ಬಳೇ ಬರೆದಳು. ಆಮೇಲಿನ ಎಸ್‌ಎಸ್‌ಬಿ ಅನ್ನೋ ಐದು ದಿನದ ಇಂಟರ್‌ವ್ಯೂಗೆ ಮಾತ್ರ ಮನೆಮಂದಿಯೆಲ್ಲ ತಯಾರಾಗಬೇಕಾಯಿತು.

ಅಲ್ಲಿ 60 ಪದ ತೋರಿಸುತ್ತಾರಂತೆ, ಒಂದೊಂದಕ್ಕೆ 15 ಸೆಕೆಂಡು. ಅಷ್ಟರಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆದುಬಿಡಬೇಕು. ಮಗಳು ನಮ್ಮ ಮೇಲೂ ಅದನ್ನ ಶುರುಮಾಡಿದಳು. ಕಾಫಿ ಲೋಟ ಬಾಯಿಗಿಡುವಂತಿಲ್ಲ, ಒಂದು ಪದ ಬಂದು ಬೀಳುತ್ತಿತ್ತು. ನಾನು, ನಮ್ಮೆಜಮಾನ್ರು ತಡವರಿಸುತ್ತಿದ್ದೆವು. ಅತ್ತೆ ಮಾತ್ರ ಅವರೆಕಾಯಿ ಸುಲಿಯುತ್ತಾ, ತಲೆ ಕೂಡ ಎತ್ತದೆ ಉತ್ತರ ಕೊಡುತ್ತಿದ್ದರು.

"ಸೋಲು."

"ನಿಮ್ ತಾತ ಪಂಚಾಯ್ತಿ ಎಲೆಕ್ಷನ್ನಿಗ್ ನಿಂತು ಎರಡೆಕರೆ ಕಳ್ಕಂಡ್ರು."

"ಭಯ."

"ನಿಮ್ಮವ್ವನ್ ಸಾರು."

"ಸಾಹಸ."

"ಅದ್ನೇ ದಿನಾ ಉಣ್ಣದು."

ಮೂರಕ್ಕೂ ಸೇರಿ 15 ಸೆಕೆಂಡು ಬೇಕಾಗಲಿಲ್ಲ. ಸೈನ್ಯದವರು ತಪ್ಪು ವಯಸ್ಸಿನವರನ್ನ ಕರೀತಿದ್ದಾರೆ ಅಂತ ನನಗೆ ಅವತ್ತೇ ಅನ್ನಿಸಿತು. ಇನ್ನೊಂದು ಪರೀಕ್ಷೆಯಲ್ಲಿ ಅರ್ಧ ಗಂಟೆಗೆ 60 ಸಂಕಷ್ಟ. ಕಾಡಲ್ಲಿ ದಾರಿ ತಪ್ಪಿದೆ, ಜೊತೆಯವನಿಗೆ ಹಾವು ಕಚ್ಚಿದೆ, ಏನು ಮಾಡ್ತೀರಿ? ಅತ್ತೆ ಕೇಳಿದರು: "ಕಾಡಿಗ್ ಯಾಕೋದ್ರಿ? ಮನೇಲ್ ಯೋಳ್ ಓಗಿದ್ರಾ?" ಇದಕ್ಕೆ ಅಲ್ಲಿ ಎಷ್ಟು ಅಂಕವೋ, ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಓಟದ ಕಥೆ ಬೇರೆ. ನಮ್ಮೂರು ಮಂಡ್ಯದ ಮಗ್ಗುಲಲ್ಲೇ ಇದೆ, ವಿ.ಸಿ. ನಾಲೆ ಏರಿ ಮೇಲೆ 2.4 ಕಿಲೋಮೀಟರ್ ಅಳತೆ ಮಾಡಿ ಸುಣ್ಣದಲ್ಲಿ ಗುರುತು ಹಾಕಿದ್ದಾಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಓಡಿದರೆ ಯಾರೂ ನಂಬಲ್ಲ. ಡೇರಿಗೆ ಹಾಲು ಒಯ್ಯುತ್ತಿದ್ದವರೊಬ್ಬರು ಎಕ್ಸೆಲ್ ನಿಲ್ಲಿಸಿ, "ಬಸ್ ತಪ್ತಾ ಮಗ? ಕ್ಯಾನ್ ಮೇಲ್ ಕುಂತ್ಕೋ, ಸರ್ಕಲ್ಗ್ ಬುಡ್ತೀನಿ" ಅಂದರಂತೆ. ಒಂದು ಬೆಳಗಿನ ಜಾವ ಇವರು ಟೈಮ್ ನೋಡ್ತೀನಿ ಅಂತ ಮಂಕಿ ಕ್ಯಾಪ್ ಹಾಕಿಕೊಂಡು ಸ್ಕೂಟರಲ್ಲಿ ಹಿಂದೆ ಹೊರಟರು. ಮುಂದೆ ಹುಡುಗಿ ಏದುಸಿರು ಬಿಡುತ್ತಾ ಓಡುತ್ತಿದ್ದಾಳೆ, ಹಿಂದೆ ಮುಖ ಕಾಣದ ಗಂಡಸು "ಇನ್ನೂ ಜೋರಾಗ್ ಓಡು" ಅಂತ ಕೂಗುತ್ತಿದ್ದಾನೆ. ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವರು ಏರಿ ಹತ್ತಿ ಬಂದರು, ಕೈಯಲ್ಲಿ ಮಚ್ಚು ಹಾಗೇ ಇತ್ತು. ಮಗಳು ಅಷ್ಟರಲ್ಲಿ ದೂರ ಹೋಗಿಬಿಟ್ಟಿದ್ದಳು. ಅವಳು ವಾಪಸ್ ಬಂದು "ನಮ್ಮಪ್ಪ ಕಣಣ್ಣ" ಅನ್ನೋವರೆಗೆ ಇವರು ಕಬ್ಬಿನ ಗರಿಯ ಮಧ್ಯೆ ಕೈಕಟ್ಟಿ ಕೂತಿದ್ದರು. ಅವತ್ತಿನ ಟೈಮಿಂಗು ಮಾತ್ರ ಬಹಳ ಚೆನ್ನಾಗಿತ್ತಂತೆ.

ಆದರೂ ಇವರ ಉತ್ಸಾಹ ಇಳಿಯಲಿಲ್ಲ. 1949ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕಾರ್ಯಪ್ಪನವರು ಕೊಡಗಿನವರು, ಆಮೇಲೆ ಮುಖ್ಯಸ್ಥರಾದ ತಿಮ್ಮಯ್ಯನವರೂ ಕೊಡಗಿನವರೇ. ಕಾವೇರಿ ಅಲ್ಲೇ ಹುಟ್ಟಿ ಕನ್ನಂಬಾಡಿಗೆ ಬಂದು ನಮ್ಮ ನಾಲೆಗೆ ಇಳಿಯುತ್ತಾಳೆ, ಅಂದಮೇಲೆ ನಾವೂ ಅದೇ ನೀರು ತಾನೇ ಅನ್ನೋದು ಇವರ ವಾದ. ಆ ನೀರಲ್ಲಿ ಇವರೇ ಮುಳುಗಿ ಎದ್ದಿದ್ದು ಆಮೇಲೆ.

ಎಸ್‌ಎಸ್‌ಬಿಯಲ್ಲಿ ಗ್ರೂಪ್ ಟಾಸ್ಕ್ ಅಂತಿದೆ. ಒಂದು ಹಲಗೆ, ಒಂದು ಮರದ ದಿಮ್ಮಿ, ಹಗ್ಗ, ಜೊತೆಗೊಂದು ಭಾರ. ನೆಲ ಮುಟ್ಟದೆ ಇಡೀ ಗುಂಪು ಆಚೆ ದಡ ಸೇರಬೇಕು. ಕೆಂಪು ಬಣ್ಣ ಬಳಿದಿದ್ದನ್ನ ಯಾರೂ ಮುಟ್ಟುವಂತಿಲ್ಲ. ಮಗಳು ಹಿತ್ತಲಲ್ಲಿ ಹಸು ನೀರು ಕುಡಿಯೋ ತೊಟ್ಟಿಯ ಅಂಚಿಗೆಲ್ಲ ನನ್ನ ಕುಂಕುಮ ಬಳಿದಳು. ಹಗ್ಗಕ್ಕೆ ನಾನು ಬಟ್ಟೆ ಒಣಗಿಸೋ ಹಗ್ಗ, ಭಾರಕ್ಕೆ 10 ಕೆಜಿ ಸೋನಾ ಮಸೂರಿ. ಪಕ್ಕದ ಮನೆಯ ಹುಡುಗ ಹಲಗೆಯ ಈ ತುದಿ ಅದುಮಿ ಕೂರಬೇಕು, ಇವರು ಅಕ್ಕಿ ಮೂಟೆ ಹೊತ್ತು ತೊಟ್ಟಿ ಮೇಲೆ ಚಾಚಿದ ಆ ತುದಿಗೆ ಹೋಗಬೇಕು. ಪ್ಲಾನು ಚೆನ್ನಾಗೇ ಇತ್ತು. ಇವರು ತುದಿ ಮುಟ್ಟಿದ್ದಾರೆ, ಅತ್ತ ಕಾಂಪೌಂಡಿನಿಂದ "ಇಡ್ಲಿ ಆರೋಯ್ತದೆ ಬಾರೋ" ಅಂತ ಹುಡುಗನ ಅಮ್ಮ ಕೂಗಿದರು. ಹುಡುಗ ಎದ್ದ.

ಹಸು ಎರಡು ದಿನ ಆ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ನಾವು ವಾರವೆಲ್ಲ ರೊಟ್ಟಿ, ದೋಸೆ, ಕಡುಬು ತಿಂದೆವು, ನೆಂದ ಅಕ್ಕಿ ಖರ್ಚಾಗಬೇಕಲ್ಲ.

ಈ ನಡುವೆ ಮೈಸೂರಿನ ನಾದಿನಿ ಒಂದು ಜಾತಕ ಹಿಡಿದು ಬಂದಳು. ಮದುವೆಯಾಗಿದ್ದರೆ ಸೇರಿಸಿಕೊಳ್ಳಲ್ಲ, ಸೇರಿದ ಮೇಲೆ 49 ವಾರದ ತರಬೇತಿ ಮುಗಿಯೋ ತನಕವೂ ಮದುವೆಯಾಗೋ ಹಾಗಿಲ್ಲ ಅಂತ ಮಗಳು ರೂಲ್ಸ್ ಓದಿ ಹೇಳಿದಳು. ಅಷ್ಟು ಸಂತೋಷದಿಂದ ಅವಳು ಪಠ್ಯಪುಸ್ತಕವನ್ನೂ ಓದಿದ್ದಿಲ್ಲ. ನಾದಿನಿ ಬಿಡಲಿಲ್ಲ. "ಹೋಗ್ಲಿ, ನಮ್ ಮೈಸೂರಲ್ಲೇ ಸೆಲೆಕ್ಷನ್ ಬೋರ್ಡ್ ಇದೆಯಲ್ಲ, ನಮ್ಮನೇಲೇ ಇದ್ದು ಹೋಗಿ ಬರಲಿ, ಹುಡುಗನ್ನೂ ನೋಡಿದ ಹಾಗಾಗುತ್ತೆ" ಅಂದಳು. ಮೈಸೂರಿನದು ವಾಯುಪಡೆಯದು, ಇವಳಿಗೆ ಕರೆ ಬಂದಿದ್ದು ಬೆಂಗಳೂರಿಗೆ. ಐದು ದಿನವೂ ಅಲ್ಲೇ ಉಳಿಯಬೇಕು ಅಂತ ಗೊತ್ತಾದ ಮೇಲೆ ಜಾತಕ ಮತ್ತೆ ಬ್ಯಾಗು ಸೇರಿತು.

ಮೊದಲ ದಿನವೇ ಜರಡಿ ಹಿಡಿದು, ದಾಟದವರನ್ನ ಅವತ್ತೇ ಮನೆಗೆ ಕಳಿಸಿಬಿಡುತ್ತಾರೆ. ಅದಕ್ಕೇ ಅವಳು ಹೋದ ದಿನ ರಾತ್ರಿ ಅತ್ತೆ ಒಂದು ಮುದ್ದೆ ಜಾಸ್ತಿ ಕಟ್ಟಿಸಿ, ಮುಚ್ಚಿಡಿಸಿದರು. ಕೊನೆಗೂ ಫೋನ್ ಬಂತು. ಸ್ಕ್ರೀನಿಂಗ್ ದಾಟಿದ್ದಾಳೆ, ಎದೆ ಮೇಲೆ ನಂಬರ್ ಕಟ್ಟಿದ್ದಾರೆ, ಇನ್ನು ಅಲ್ಲಿ ಹೆಸರಿಲ್ಲ, ನಂಬರೇ. ಇವರು ಕಣ್ಣೊರೆಸಿಕೊಂಡರು. ಅತ್ತೆ ಫೋನ್ ಕಿತ್ತುಕೊಂಡು, ಅಷ್ಟೊತ್ತಿಂದ ತಡೆದಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದರು.

"ಮುದ್ದೆ ಆಕ್ತಾರಾ ಮಗ?"

ಚಪಾತಿಯಂತೆ.

"ಇದುನ್ ತಿನ್ಕಂಡ್ ಅದೆಂಗ್ ಗಡಿ ಕಾಯ್ತಾರೋ" ಅಂತ ಅತ್ತೆ ಫೋನ್ ನನ್ನ ಕೈಗಿಟ್ಟು, ಮುಚ್ಚಿಟ್ಟಿದ್ದ ಮುದ್ದೆಗೆ ಸಾರು ಬಿಡು ಅಂದರು.