ಒಂದೇ ಜಾಗಕ್ಕೆ ಏಳು ಉಮೇದುವಾರರು

ಜಪಾನಿನಲ್ಲಿ ರೈಲು ಎಷ್ಟು ಗಂಟೆಗೆ ಬರುತ್ತದೆ ಎಂಬ ಬಗ್ಗೆ ಯಾರಿಗೂ ಸಂದೇಹವಿಲ್ಲ. ಆದರೆ ಅದು ಬಂದು ನಿಲ್ಲುವ ಜಾಗದ ಹೆಸರೇನು ಎಂಬ ಬಗ್ಗೆ, ಒಸಾಕಾ ನಗರದ ಮಟ್ಟಿಗಾದರೂ, ಒಂದೂವರೆ ಶತಮಾನ ಕಳೆದರೂ ಒಮ್ಮತ ಮೂಡಿಲ್ಲ. ನಗರದ ಉತ್ತರ ಭಾಗದಲ್ಲಿ, ಕೂಗಳತೆಯ ದೂರದಲ್ಲಿ, ನಾಲ್ಕು ಸಂಸ್ಥೆಗಳಿಗೆ ಸೇರಿದ ಏಳು ನಿಲ್ದಾಣಗಳಿವೆ. ಹಿಂದೆ ಸರ್ಕಾರದ್ದಾಗಿದ್ದ ಜೆಆರ್ ರೈಲು ಸಂಸ್ಥೆಯದು ಒಸಾಕಾ. ಅದರ ಮಗ್ಗುಲಿಗಿರುವ ಮಿದೋಸುಜಿ ಮೆಟ್ರೊ ಮಾರ್ಗದ ನಿಲ್ದಾಣ ಉಮೆದಾ. ತಾನಿಮಾಚಿ ಮಾರ್ಗದ್ದು ಹಿಗಾಶಿ ಉಮೆದಾ, ಅಂದರೆ ಪೂರ್ವ ಉಮೆದಾ. ಯೊತ್ಸುಬಾಶಿ ಮಾರ್ಗದ್ದು ನಿಶಿ ಉಮೆದಾ, ಅಂದರೆ ಪಶ್ಚಿಮ ಉಮೆದಾ. ಹಾನ್‌ಕ್ಯೂ ಮತ್ತು ಹಾನ್‌ಶಿನ್ ಎಂಬ ಎರಡು ಖಾಸಗಿ ರೈಲು ಸಂಸ್ಥೆಗಳ ನಿಲ್ದಾಣಗಳೆರಡೂ ಒಸಾಕಾ-ಉಮೆದಾ. ಏಳನೆಯದು ಜೆಆರ್ ಸಂಸ್ಥೆಯದೇ ಇನ್ನೊಂದು ಮಾರ್ಗದ ಕಿತಾಶಿಂಚಿ. ಹೆಸರಿನಲ್ಲಿರುವ 'ಕಿತಾ' ಎಂದರೆ ಉತ್ತರ, ನಿಲ್ದಾಣವಿರುವುದು ಒಸಾಕಾ ನಿಲ್ದಾಣದ ದಕ್ಷಿಣಕ್ಕೆ. ಉಮೆದಾ ಎಂದೊಡನೆ ಕನ್ನಡದ ಕಿವಿಗೆ ಉಮೇದುವಾರಿಕೆಯ ನೆನಪಾದರೆ ಅದು ಕಿವಿಯ ತಪ್ಪಲ್ಲ. ಒಂದೇ ಸ್ಥಾನಕ್ಕೆ ಏಳು ಮಂದಿ ನಿಂತಿದ್ದಾರೆ, ಯಾರೂ ನಾಮಪತ್ರ ಹಿಂತೆಗೆದುಕೊಂಡಿಲ್ಲ, ಏಳೂ ಮಂದಿ ಗೆದ್ದಿದ್ದಾರೆ. ಠೇವಣಿ ಕಳೆದುಕೊಂಡವನು ಪ್ರಯಾಣಿಕನೊಬ್ಬನೇ.

ಈ ಸ್ಪರ್ಧೆ ನಿಲ್ದಾಣದಷ್ಟೇ ಹಳೆಯದು. ಜೌಗು ನೆಲಕ್ಕೆ ಮಣ್ಣು ತುಂಬಿ ಗದ್ದೆ ಮಾಡಿದ್ದರಿಂದ ಈ ಜಾಗಕ್ಕೆ 'ಹೂಳಿದ ಗದ್ದೆ' ಎಂಬರ್ಥದ ಉಮೆದಾ ಎಂಬ ಹೆಸರು ಬಂತೆಂದೂ, ಹೂಳುವ ಮಾತು ಅಷ್ಟೇನೂ ಮಂಗಳಕರವಲ್ಲವೆಂದು ಮುಂದೆ ಅದೇ ಉಚ್ಚಾರಣೆಯ ಬೇರೊಂದು ಲಿಪಿಚಿಹ್ನೆಯನ್ನು ಹಾಕಿ ಅದನ್ನು 'ಉಮೆ (ಜಪಾನಿ ಪ್ಲಮ್) ಮರಗಳ ಗದ್ದೆ'ಯಾಗಿಸಿದರೆಂದೂ ಪ್ರತೀತಿಯಿದೆ. ನೆಲವನ್ನು ಮುಟ್ಟದೆ ಹೆಸರನ್ನಷ್ಟೇ ತಿದ್ದಿ ಊರನ್ನು ಉದ್ಧರಿಸುವ ವಿದ್ಯೆ ಇಲ್ಲಿನ ಮಣ್ಣಿನಲ್ಲೇ ಇದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. 1874ರಲ್ಲಿ ನೆರೆಯ ಕೋಬೆ ನಗರದ ಕಡೆಯಿಂದ ಹಳಿ ಬಂದಾಗ ಸರ್ಕಾರ ಒಸಾಕಾ ಎಂದು ಫಲಕ ಬರೆಸಿತು. ಊರಾಚೆಯ ಗದ್ದೆ ಬಯಲನ್ನು ಒಸಾಕಾ ಎನ್ನಲು ಒಸಾಕಾದವರೇ ಒಪ್ಪಲಿಲ್ಲ; ಸ್ಟೇಷನ್ ಎಂಬ ಪದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ಉಮೆದಾ ಸುತೆನ್ಶೊ' ಎಂದು ಕರೆದರು. 1906ರಲ್ಲಿ ಹಾನ್‌ಶಿನ್ ಬಂತು, 1910ರಲ್ಲಿ ಹಾನ್‌ಕ್ಯೂನ ಮೂಲ ಸಂಸ್ಥೆ ಬಂತು, 1933ರಲ್ಲಿ ನಗರಸಭೆಯ ಮೆಟ್ರೊ ಬಂತು. ಬಂದವರೆಲ್ಲ ಸರ್ಕಾರದ ಪಕ್ಷ ಬಿಟ್ಟು ಜನರ ಪಕ್ಷ ಸೇರಿ ಉಮೆದಾ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮಗೆ ಗೊತ್ತು. ಇಲ್ಲಿ ಎತ್ತು, ಕೋಣಗಳೆರಡೂ ಜನರನ್ನು ಒಂದೇ ಜಾಗಕ್ಕೆ ಎಳೆದು ತಂದು, ಇದು ಏರಿಯೋ ನೀರೋ ಎಂದು ಇಂದಿಗೂ ವಾದಿಸುತ್ತ ನಿಂತಿವೆ.

ವಾದದ ಫಲವನ್ನು ಅರಿಯಲು ಕೋಬೆಯ ಮೂವರು ಗೆಳೆಯರನ್ನು ಊಹಿಸಿಕೊಳ್ಳೋಣ. ಮೂವರೂ ಆ ಊರಿನ ಸಾನ್ನೊಮಿಯಾದಲ್ಲಿ ಒಟ್ಟಿಗೆ ಚಹಾ ಕುಡಿದು, ಸಂಜೆ ಆರಕ್ಕೆ ಒಸಾಕಾದಲ್ಲಿ ಸೇರೋಣವೆಂದು ಮಾತಾಡಿಕೊಂಡು, ಒಬ್ಬ ಜೆಆರ್, ಇನ್ನೊಬ್ಬ ಹಾನ್‌ಕ್ಯೂ, ಮತ್ತೊಬ್ಬ ಹಾನ್‌ಶಿನ್ ಹಿಡಿಯುತ್ತಾರೆ. ಜಪಾನಿನ ರೈಲುಗಳಾದ್ದರಿಂದ ಮೂವರೂ ಸರಿಯಾದ ಸಮಯಕ್ಕೆ ತಲುಪುತ್ತಾರೆ. ಜೆಆರ್ ಗೆಳೆಯ ಮೇಲುಸೇತುವೆಯ ಮೇಲಿನ ಒಸಾಕಾದಲ್ಲಿ ಇಳಿದಿರುತ್ತಾನೆ. ಹಾನ್‌ಕ್ಯೂ ಗೆಳೆಯ ಹಳಿಗಳ ಉತ್ತರಕ್ಕೆ ಮೂರನೆಯ ಮಹಡಿಯಲ್ಲಿರುವ ಒಸಾಕಾ-ಉಮೆದಾದಲ್ಲೂ, ಹಾನ್‌ಶಿನ್ ಗೆಳೆಯ ಹಳಿಗಳ ದಕ್ಷಿಣಕ್ಕೆ ನೆಲದಡಿಯಲ್ಲಿರುವ ಒಸಾಕಾ-ಉಮೆದಾದಲ್ಲೂ ನಿಂತಿರುತ್ತಾರೆ. "ನಾನು ಬಂದು ಐದು ನಿಮಿಷವಾಯಿತಪ್ಪ, ನೀನೆಲ್ಲಿದ್ದೀಯ?" ಎಂದು ಒಬ್ಬ ಫೋನಿನಲ್ಲಿ ಕೇಳಿದರೆ, "ಒಸಾಕಾ-ಉಮೆದಾ ಅಂತ ಫಲಕದ ಕೆಳಗೇ ನಿಂತಿದ್ದೇನೆ, ನೀನೆಲ್ಲಿ?" ಎಂದು ಇನ್ನೊಬ್ಬ ಕೇಳುತ್ತಾನೆ. "ನಾನೂ ಅದೇ ಫಲಕದ ಕೆಳಗಿದ್ದೇನೆ." ಇಬ್ಬರೂ ಸತ್ಯವನ್ನೇ ನುಡಿಯುತ್ತಿದ್ದಾರೆ. ಕೊನೆಗೆ ಹಾನ್‌ಕ್ಯೂ ನಿಲ್ದಾಣದ ಕೆಳಗಿರುವ 'ಬಿಗ್ ಮ್ಯಾನ್' ಎಂಬ ದೊಡ್ಡ ಪರದೆಯ ಮುಂದೆ ಸೇರೋಣವೆಂದು ತೀರ್ಮಾನವಾಗುತ್ತದೆ. ಅಲ್ಲಿ ಹೋದರೆ, ಇದೇ ಕಾರಣಕ್ಕೆ ಇದೇ ತೀರ್ಮಾನಕ್ಕೆ ಬಂದ ಜನಜಂಗುಳಿ ಪರದೆಗೆ ಬೆನ್ನು ಕೊಟ್ಟು ಫೋನಿನಲ್ಲಿ ಮಾತಾಡುತ್ತಿರುತ್ತದೆ.

ಈ ಗೊಂದಲವನ್ನು ಯಾರೂ ಗಮನಿಸಿಲ್ಲವೆಂದು ಭಾವಿಸುವುದು ಅನ್ಯಾಯ. 2019ರ ಅಕ್ಟೋಬರ್ 1ರಂದು ಅದನ್ನು ಅಧಿಕೃತವಾಗಿಯೇ ಪರಿಹರಿಸಲಾಯಿತು. ಅಲ್ಲಿಯವರೆಗೆ ಹಾನ್‌ಕ್ಯೂ ಮತ್ತು ಹಾನ್‌ಶಿನ್ ನಿಲ್ದಾಣಗಳೆರಡಕ್ಕೂ ಬರಿಯ ಉಮೆದಾ ಎಂಬ ಹೆಸರಿತ್ತು. ಹೊರಗಿನವರಿಗೆ ಇದು ಒಸಾಕಾ ನಗರದ ಕೇಂದ್ರವೆಂದು ತಿಳಿಯಲಿ ಎಂಬ ಸದುದ್ದೇಶದಿಂದ ಎರಡನ್ನೂ ಒಂದೇ ದಿನ ಒಸಾಕಾ-ಉಮೆದಾ ಎಂದು ಬದಲಿಸಲಾಯಿತು. ಎರಡೂ ಸಂಸ್ಥೆಗಳು 2006ರಿಂದ ಒಂದೇ ಮಾತೃಸಂಸ್ಥೆಯ ಕೆಳಗಿರುವುದರಿಂದ, ಒಂದಕ್ಕೊಂದು ತಿಳಿಯದೆ ಹೀಗಾಯಿತು ಎನ್ನುವಂತಿಲ್ಲ. ಬೇರೆ ಬೇರೆ ಜಾಗದಲ್ಲಿರುವ ಎರಡು ನಿಲ್ದಾಣಗಳಿಗೆ ಒಂದೇ ಹೆಸರಿದ್ದದ್ದು ಮೂಲ ತೊಂದರೆ. ಪರಿಹಾರದ ನಂತರ ಬೇರೆ ಬೇರೆ ಜಾಗದಲ್ಲಿರುವ ಎರಡು ನಿಲ್ದಾಣಗಳಿಗೆ ಒಂದೇ ಹೆಸರಿದೆ, ಮೊದಲಿಗಿಂತ ಉದ್ದವಾಗಿದೆ. ಮೆಟ್ರೊ ತನ್ನ ಉಮೆದಾವನ್ನು ಹಾಗೆಯೇ ಉಳಿಸಿಕೊಂಡಿತು. ಜೆಆರ್ ಒಸಾಕಾ ಎನ್ನುತ್ತದೆ, ಮೆಟ್ರೊ ಉಮೆದಾ ಎನ್ನುತ್ತದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎರಡನ್ನೂ ಸೇರಿಸಿ ಒಸಾಕಾ-ಉಮೆದಾ ಎಂದವರಿಗೆ ರಾಜತಾಂತ್ರಿಕ ಪ್ರಶಸ್ತಿಯೊಂದು ಸಲ್ಲಬೇಕು.

ಮೆಟ್ರೊ ಸಂಸ್ಥೆಯ ಬಳಿ ತನ್ನವೇ ಮೂರು ನಿಲ್ದಾಣಗಳಿರುವುದರಿಂದ ಅದರ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ನಿಶಿ ಉಮೆದಾ 1965ರಲ್ಲೂ, ಹಿಗಾಶಿ ಉಮೆದಾ 1967ರಲ್ಲೂ ತೆರೆದವು. ಇವು ಮೂರೂ ಬೇರೆ ನಿಲ್ದಾಣಗಳು, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ದ್ವಾರದಿಂದ ಹೊರಬಂದು ನಡೆಯಬೇಕು. ಆದರೆ ಟಿಕೆಟ್ ದರದ ಲೆಕ್ಕದಲ್ಲಿ ಇವು ಮೂರೂ ಒಂದೇ ನಿಲ್ದಾಣ, ಹೊರಗೆ ಹೋದವನು 30 ನಿಮಿಷದೊಳಗೆ ಇನ್ನೊಂದರಲ್ಲಿ ಒಳಬಂದರೆ. ಅದ್ವೈತ ದ್ವೈತಗಳ ನಡುವೆ ಆಚಾರ್ಯರು ಇಟ್ಟ ಗಡಿ ಏನೇ ಇರಲಿ, ಒಸಾಕಾದಲ್ಲಿ ಆ ಗಡಿ 30 ನಿಮಿಷ. ಕಾಗದದ ಟಿಕೆಟ್ ಹಿಡಿದವನು ಹಸಿರು ಬಣ್ಣದ ದ್ವಾರವನ್ನೇ ಹುಡುಕಿ ಹೊರಬರಬೇಕು. ಬೇರೆ ದ್ವಾರಕ್ಕೆ ತೂರಿಸಿದರೆ ಯಂತ್ರ ಟಿಕೆಟನ್ನು ನುಂಗಿಕೊಳ್ಳುತ್ತದೆ. ನಿಶಿಯಿಂದ ಹಿಗಾಶಿಗೆ ದಾರಿ ಬಲ್ಲವರಿಗೆ ಹತ್ತು ನಿಮಿಷ ಸಾಕು. ಉಳಿದ ಇಪ್ಪತ್ತು ನಿಮಿಷಗಳನ್ನು ದಾರಿ ತಪ್ಪುವುದಕ್ಕೆಂದೇ ನಿಯಮದಲ್ಲಿ ಸೇರಿಸಿರಬೇಕೆಂದು ನನ್ನ ಊಹೆ. ತಾನು ಒಡ್ಡಿದ ತೊಡಕನ್ನು ತಾನೇ ಇಷ್ಟು ಪ್ರಾಮಾಣಿಕವಾಗಿ ನಿಮಿಷಗಳಲ್ಲಿ ಅಳೆದು ಒಪ್ಪಿಕೊಂಡ ಸಾರ್ವಜನಿಕ ಸಂಸ್ಥೆಯನ್ನು ನಾನಂತೂ ಬೇರೆ ಕಂಡಿಲ್ಲ.

ದಾರಿ ತಪ್ಪುವುದಕ್ಕೆ ನೆಲದಡಿಯಲ್ಲಿ ತಕ್ಕ ಏರ್ಪಾಡಿದೆ. 1963ರಲ್ಲಿ ತೆರೆದ ಅಂಗಡಿ ಬೀದಿಯೊಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಕೂಡಿಕೊಳ್ಳುತ್ತ ಬೆಳೆದ ಸುರಂಗಗಳ ಈ ಜಾಲವನ್ನು ಜಪಾನಿನ ಯುವಕರು ವಿಡಿಯೊ ಗೇಮಿನ ಭಾಷೆಯಲ್ಲಿ 'ಉಮೆದಾ ಡಂಜನ್' ಎನ್ನುತ್ತಾರೆ. ಚಕ್ರವ್ಯೂಹವೆಂದರೆ ನಮಗೆ ಬೇಗ ಅರ್ಥವಾದೀತು, ಅಭಿಮನ್ಯುವಿಗೆ ಒಳಹೋಗುವ ದಾರಿಯಾದರೂ ತಿಳಿದಿತ್ತು. ಇಲ್ಲಿ 'ಇಜುಮಿ ನೊ ಹಿರೋಬಾ' ಎಂಬ ಚೌಕವಿದೆ. ಬುಗ್ಗೆಯ ಚೌಕ ಎಂದರ್ಥ. ದಶಕಗಳ ಕಾಲ ಇದ್ದ ಕಾರಂಜಿಯನ್ನು 2019ರಲ್ಲಿ ತೆಗೆದುಹಾಕಿ ಬೆಳಕಿನ ಮರವೊಂದನ್ನು ನಿಲ್ಲಿಸಲಾಯಿತು. ಹೆಸರು ಮಾತ್ರ ಬುಗ್ಗೆಯ ಚೌಕವಾಗಿಯೇ ಉಳಿಯಿತು. ಅದೇ ವರ್ಷ, ಅದೇ ಬಡಾವಣೆಯಲ್ಲಿ, ಜಾಗ ಬದಲಾಗದಿದ್ದಾಗ ಹೆಸರು ಬದಲಾಯಿತು, ಜಾಗ ಬದಲಾದಾಗ ಹೆಸರು ಬದಲಾಗಲಿಲ್ಲ.

ಈ ಕಲೆ ಉಮೆದಾಕ್ಕೆ ಸೀಮಿತವಲ್ಲವೆಂದು ಹೇಳಿ ಮುಂದುವರಿಯುತ್ತೇನೆ. ಕೆಲವೇ ನಿಮಿಷಗಳ ದೂರದಲ್ಲಿ ಜೆಆರ್‌ನ ನೋದಾ ನಿಲ್ದಾಣವಿದೆ, ಅದರ ಪಕ್ಕದ ಮೆಟ್ರೊ ನಿಲ್ದಾಣದ ಹೆಸರು ತಾಮಾಗಾವಾ. ನೋದಾ ಎಂಬ ಹೆಸರಿನ ಮೆಟ್ರೊ ನಿಲ್ದಾಣ ಬೇಕಿದ್ದವರು ನೋದಾ-ಹಾನ್‌ಶಿನ್‌ಗೆ ಹೋಗಬೇಕು, ಅದರ ಪಕ್ಕದ ಜೆಆರ್ ನಿಲ್ದಾಣ ಎಬಿಯೆ. ನಗರದ ಉತ್ತರದಲ್ಲಿ ಎರಡು ಲಿಪಿಚಿಹ್ನೆಗಳನ್ನು ಹಾನ್‌ಕ್ಯೂ 'ಮಿನಾಮಿಕಾತಾ' ಎಂದು ಓದಿದರೆ, ಪಕ್ಕದ ಮೆಟ್ರೊ ತನ್ನ ನಿಲ್ದಾಣದ ಹೆಸರಿನ ಕೊನೆಯಲ್ಲಿ ಅವನ್ನೇ 'ಮಿನಾಮಿಗಾತಾ' ಎಂದು ಓದುತ್ತದೆ. ಒಂದು ಅಕ್ಷರದಲ್ಲಾದರೂ ಸೋಲೊಪ್ಪದಿರುವುದು ಸ್ವಾಭಿಮಾನದ ಪ್ರಶ್ನೆ.

ಏಳು ಸಾಲದೆಂಬಂತೆ ಎಂಟನೆಯದೂ ಹುಟ್ಟಬೇಕಿತ್ತು. ಒಸಾಕಾ ನಿಲ್ದಾಣದ ಉತ್ತರದ ಸರಕು ಯಾರ್ಡಿನ ಜಾಗದಲ್ಲಿ ಬೆಳೆದ ಬಡಾವಣೆಗೆ 'ಉಮೆಕಿತಾ', ಅಂದರೆ ಉಮೆದಾದ ಉತ್ತರ, ಎಂದು ಹೆಸರಿಟ್ಟರು. ಅದರ ನೆಲದಡಿಯಲ್ಲಿ ಜೆಆರ್ ಕಟ್ಟುತ್ತಿದ್ದ ನಿಲ್ದಾಣಕ್ಕೆ ಅದನ್ನೇ ತಿರುಗಿಸಿ 'ಕಿತಾ ಉಮೆದಾ' ಎಂಬ ತಾತ್ಕಾಲಿಕ ಹೆಸರಿತ್ತು. ಮುಂದೆ ವಿವೇಕ ಮೂಡಿ, 2023ರ ಮಾರ್ಚ್ 18ರಂದು ಅದನ್ನು ಒಸಾಕಾ ನಿಲ್ದಾಣದ ಭಾಗವಾಗಿಯೇ ತೆರೆದರು. ಬಾಗಿಲಿನಿಂದ ಹೊರಹಾಕಿದ ಉಮೆದಾ 'ಒಸಾಕಾ ನಿಲ್ದಾಣ, ಉಮೆಕಿತಾ ವಿಭಾಗ' ಎಂದು ಕಿಟಕಿಯಿಂದ ಒಳಬಂತು. ಮೇಲಿನ ಪ್ಲಾಟ್‌ಫಾರ್ಮ್‌ಗಳು 1ರಿಂದ 11. ಕೆಳಗಿನವು 21ರಿಂದ 24. ನಡುವಿನ ಒಂಬತ್ತನ್ನು ಹುಡುಕುತ್ತ ಹೊರಟವರಿಗೆ ಯಾವ 30 ನಿಮಿಷದ ಸೌಲಭ್ಯವೂ ಇಲ್ಲ. ಈ ಹೊಸ ವಿಭಾಗದಲ್ಲಿ ಪ್ರಯಾಣಿಕನ ಮುಖವನ್ನು ಗುರುತಿಸಿ ತೆರೆದುಕೊಳ್ಳುವ ಪ್ರಾಯೋಗಿಕ ದ್ವಾರವನ್ನೂ ಇಟ್ಟರು. ನಿಲ್ದಾಣ ಪ್ರಯಾಣಿಕನನ್ನು ಗುರುತಿಸುವ ಮಟ್ಟಕ್ಕೆ ವಿಜ್ಞಾನ ಬೆಳೆದಿದೆ. ಪ್ರಯಾಣಿಕ ನಿಲ್ದಾಣವನ್ನು ಗುರುತಿಸುವ ಸಂಶೋಧನೆ ಇನ್ನೂ ಬಾಕಿಯಿದೆ.

ಇದೇ ನೆಲದಡಿಯ ಪ್ಲಾಟ್‌ಫಾರ್ಮ್‌ಗಳಿಂದ ನಗರದ ದಕ್ಷಿಣಕ್ಕೆ ನಾನಿವಾಸುಜಿ ಎಂಬ ಹೊಸ ಮಾರ್ಗವನ್ನು 2031ರಲ್ಲಿ ತೆರೆಯುವ ಯೋಜನೆಯಿದೆ. ಆಗ ನಾಂಕಾಯ್ ಎಂಬ ಐದನೆಯ ಸಂಸ್ಥೆಯೂ ಇಲ್ಲಿಗೆ ಬರಲಿದೆ, ತನ್ನದೂ ಒಂದು ಅಭಿಪ್ರಾಯದೊಡನೆ ಎಂದು ನಂಬೋಣ. ಯೋಜನೆಯ ನಕ್ಷೆಯಲ್ಲಿ ಹೊಸ ನಿಲ್ದಾಣಗಳ ಹೆಸರಿನ ಮುಂದೆ 'ತಾತ್ಕಾಲಿಕ' ಎಂದು ಕಂಸದಲ್ಲಿ ಬರೆದಿದ್ದಾರೆ. ಹಳೆಯ ಏಳರ ಮುಂದೆ ಬರೆಯುವುದನ್ನು ಯಾಕೆ ಬಿಟ್ಟರೋ ತಿಳಿಯದು.