ಗ್ರಾಮಸಭೆಗೆ ಹೋಗದವರ ದೂರು

ಕಾಸರಗೋಡಿನ ಕನ್ನಡಿಗರಾದ ನಮಗೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿದೆ: "ನಮ್ಮನ್ನು ಯಾರು ಕೇಳುತ್ತಾರೆ ಮಾರಾಯ್ರೇ?" ಈ ಮಾತಿನ ಹಿಂದಿರುವ ನೋವು ಸುಳ್ಳಲ್ಲ. 1956ರ ನವೆಂಬರ್ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದ ಮಹಾಜನ ಆಯೋಗದ ವರದಿ ಇಂದಿಗೂ ಕಡತದಲ್ಲೇ ಉಳಿದಿದೆ. ಆದರೆ ದೊಡ್ಡ ಅನ್ಯಾಯವೊಂದನ್ನು ನೆನೆನೆನೆದು ಮರುಗುತ್ತಾ, ನಮ್ಮ ಕೈಯಳತೆಯಲ್ಲೇ ಇರುವ ಕೆಲಸಗಳಿಗೂ ಬೆನ್ನು ಹಾಕುವ ಅಭ್ಯಾಸ ನಮಗೆ ಅಂಟಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ. ಕೆಲವರಿಗೆ ಇದು ಕಹಿಯೆನಿಸಬಹುದು.

ಸಾಮಾನ್ಯ ಜನರಿಂದ ಏನಾದೀತು ಎಂದು ಕೇಳುವವರು ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿರುದ್ಧ ನಮ್ಮ ಜಿಲ್ಲೆಯಲ್ಲಿ ನಡೆದ ಹೋರಾಟದ ಮೊದಲ ದಿನಗಳನ್ನೊಮ್ಮೆ ಗಮನಿಸಬೇಕು. ಸರ್ಕಾರಿ ಒಡೆತನದ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿಯಲಾಯಿತು. ಅದನ್ನು ಮೊದಲು ಪ್ರಶ್ನಿಸಿದವರಲ್ಲಿ ಮಂತ್ರಿಗಳಿರಲಿಲ್ಲ, ದೊಡ್ಡ ಸಂಸ್ಥೆಗಳೂ ಇರಲಿಲ್ಲ. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ಮೋಹನ ಕುಮಾರ್ ಅವರು ಒಂದೇ ಊರಿನ ಮನೆಮನೆಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್‌ಗಳು ಹೀಗೆ ಗುಂಪುಗೂಡಿರುವುದು ಸಹಜವಲ್ಲವೆಂದು ಗುರುತಿಸಿ, ಪತ್ರ ಬರೆದು ತಜ್ಞರ ಗಮನ ಸೆಳೆಯಲು ಯತ್ನಿಸಿದರು. ಅದೇ ಊರಿನ ಕೃಷಿಕ-ಪತ್ರಕರ್ತ ಶ್ರೀ ಪಡ್ರೆಯವರು ಲೇಖನಿ ಹಿಡಿದರು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಉದ್ಯೋಗದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದರು. 2000ದ ಬಳಿಕ ಹೆಲಿಕಾಪ್ಟರ್ ಹಾರಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಆ ಕೀಟನಾಶಕದ ತಯಾರಿ ಮತ್ತು ಮಾರಾಟವನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ 2017ರಲ್ಲಿ ಬಂದರೂ ಅದು ಕೈಗೆ ಸಿಗಲು ಮತ್ತೆ ವರ್ಷಗಳೇ ಹಿಡಿದವು ಎನ್ನುವುದು ಬೇರೆಯದೇ ಸಂಕಟದ ಕಥೆ.

ಈ ಹೋರಾಟದಲ್ಲಿ ಮೆರವಣಿಗೆ, ಉಪವಾಸಗಳಿಗೆ ಇದ್ದ ಪಾತ್ರ ಸಣ್ಣದಲ್ಲ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೂ ಹೋಗಿ ಕುಳಿತವರು. ಆದರೂ ಅವೆಲ್ಲಕ್ಕೂ ತಳಪಾಯವಾದದ್ದು ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಎಷ್ಟು ವರ್ಷದಿಂದ ಎಂಬ ದಾಖಲೆ. ಕಂಡದ್ದನ್ನು ಬರೆದಿಡುವುದು, ಬರೆದದ್ದನ್ನು ಉತ್ತರ ಕೊಡಲೇಬೇಕಾದವರ ಮುಂದಿಡುವುದು, ಉತ್ತರ ಬರುವ ತನಕ ಬೆನ್ನು ಬಿಡದಿರುವುದು, ಇಷ್ಟನ್ನು ಯಾವ ನಾಗರಿಕನೂ ಮಾಡಬಲ್ಲ.

ಮುಂದಿಡುವುದೆಲ್ಲಿ? ಮೊದಲ ಜಾಗ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಇಲ್ಲಿ ಪ್ರತಿ ವಾರ್ಡಿಗೂ ಪ್ರತ್ಯೇಕ ಗ್ರಾಮಸಭೆಯಿದೆ. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಕೋರಂಗೆ ನೂರಕ್ಕೆ ಹತ್ತು ಮಂದಿ ಬೇಕು. ಸತತ ಎರಡು ಬಾರಿ ಸಭೆ ಕರೆಯದ ವಾರ್ಡು ಸದಸ್ಯರ ಸದಸ್ಯತ್ವಕ್ಕೇ ಕುತ್ತು ಬರುವಷ್ಟು ಬಿಗಿಯಾಗಿದೆ ಈ ನಿಯಮ. ವಿಧಾನಸಭೆಯಲ್ಲಿ ನಮಗಾಗಿ ಬೇರೊಬ್ಬರು ಮಾತನಾಡಬೇಕು. ಇಲ್ಲಿ ನಾವೇ ಎದ್ದು ನಿಂತು ಕೇಳಬಹುದು. ಆದರೆ ಈ ಸಭೆಗೆ ಬರುವವರು ಯಾರೆಂದು ನೋಡಿ. ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ಬರುತ್ತಾರೆ, ಮನೆಗೋ ಹಸುವಿಗೋ ಸಹಾಯಧನ ಬೇಕಾದವರು ಬರುತ್ತಾರೆ. ಅಡಿಕೆ ತೋಟವಿರುವ ಧಣಿಗಳು, ಮಾಸ್ಟ್ರು, ಬ್ಯಾಂಕಿನವರು ಬರುವುದಿಲ್ಲ. "ಅಲ್ಲಿ ನಮಗೇನು ಸಿಗುತ್ತದೆ?" ಎಂದು ಕೇಳುವ ಇವರೇ ಮಳೆಗಾಲದಲ್ಲಿ ರಸ್ತೆಯ ಹೊಂಡದ ಚಿತ್ರವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ ಆಡಳಿತವನ್ನು ಬೈಯುವವರು. ರಿಜಿಸ್ಟರಿಗೆ ಸಹಿ ಹಾಕಿ ಚಹಾ ಕುಡಿದು ಹೊರಡುವವರ ವಿಷಯ ಹೇಳದಿರುವುದೇ ಲೇಸು.

ಭಾಷೆ ಅಡ್ಡಿಯಾಗುತ್ತದೆ ಎನ್ನುವವರಿದ್ದಾರೆ. ಆ ತೊಂದರೆ ನಿಜ. ಅರ್ಥವಾಗದ ಮಲಯಾಳದ ನಮೂನೆಯ ಮುಂದೆ ಹಿರಿಯರೊಬ್ಬರು ಕಣ್ಣುಕಣ್ಣು ಬಿಡುವುದನ್ನು ಸರ್ಕಾರಿ ಕಚೇರಿಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಕನ್ನಡದಲ್ಲೇ ಸರ್ಕಾರದೊಡನೆ, ಇಲ್ಲಿನ ಸ್ಥಳೀಯ ಕಚೇರಿಗಳೊಡನೆ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಅದರಲ್ಲಿದೆ. ಈ ಹಕ್ಕನ್ನು ಬಳಸುವವರು ಎಷ್ಟು ಮಂದಿ? ಕೆಲಸ ಬೇಗ ಆಗಲಿ ಎಂದು ಗುರುತಿನವರಿಂದ ಮಲಯಾಳದಲ್ಲಿ ಬರೆಯಿಸಿ ಕೊಟ್ಟುಬರುತ್ತೇವೆ. ಕನ್ನಡದ ಅರ್ಜಿಗಳೇ ಬಾರದ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತರು ಬೇಕೆಂದು ವಾದಿಸಲು ನಮ್ಮ ಬಳಿ ಯಾವ ಪುರಾವೆ ಉಳಿಯುತ್ತದೆ? ರಾಜ್ಯೋತ್ಸವದ ಭಾಷಣಕ್ಕಿಂತ ವಿಲೇಜಾಫೀಸಿನ ಆವಕ ಪುಸ್ತಕದಲ್ಲಿ ನಮೂದಾದ ಒಂದು ಕನ್ನಡ ಅರ್ಜಿ ಹೆಚ್ಚು ಬೆಲೆಯುಳ್ಳದ್ದೆಂದು ನಾನು ನಂಬಿದ್ದೇನೆ.

ಅರ್ಜಿ ಕೊಟ್ಟರೆ ಸಾಲದು, ಸ್ವೀಕೃತಿ ರಶೀದಿ ಕೇಳಿ ಪಡೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು, ಆಮೇಲೆ ಮೇಲ್ಮನವಿ. "ನನ್ನ ಅರ್ಜಿಯ ಮೇಲೆ ಯಾವ ದಿನಾಂಕದಂದು ಯಾರು ಯಾವ ಕ್ರಮ ಕೈಗೊಂಡರು?" ಎಂದು ಕೇಳಿದರೆ ಸಾಕು, ಕಡತಕ್ಕೆ ಜೀವ ಬರುವುದುಂಟು.

ಎಲ್ಲದಕ್ಕೂ ಕಚೇರಿಯನ್ನೇ ಕಾಯಬೇಕೆಂದೂ ಇಲ್ಲ. ನಮ್ಮ ಹಿರಿಯರು ಮಳೆ ಹಿಂದೆ ಸರಿದ ಮೇಲೆ ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ನೀರು ನಿಲ್ಲಿಸಲು ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಬಿಟ್ಟುಹೋದ ಆ ಪದ್ಧತಿಯನ್ನು ಎಣ್ಮಕಜೆಯ ಪಡ್ರೆ ಎಂಬ ಊರಿನ ಸುತ್ತಮುತ್ತಲಿನ ಕೃಷಿಕರು ಕೂಡಿ ಮತ್ತೆ ಎತ್ತಿಕೊಂಡರು. ಹತ್ತು ಮನೆಯವರು ಒಂದು ದಿನ ಹಾರೆ ಹಿಡಿದರೆ ಮುಗಿಯುವ ಕೆಲಸ. ಹತ್ತು ಮನೆಯವರನ್ನು ಒಪ್ಪಿಸುವುದೇ ಕಷ್ಟವೆಂಬುದು ಬೇರೆ ಮಾತು!

ಆದ್ದರಿಂದ ಈ ಬರಹ ಓದಿದ ಊರವರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಯ ನೋಟಿಸು ಕನ್ನಡದಲ್ಲೂ ಬರಲೆಂದು ಪಂಚಾಯತ್ ಕಾರ್ಯದರ್ಶಿಗೆ ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ, ರಶೀದಿಯನ್ನು ಜೋಪಾನವಾಗಿಡಿ. ಸಭೆಯ ದಿನ ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ. ಕಳೆದ ಸಭೆಯ ತೀರ್ಮಾನಗಳಲ್ಲಿ ಎಷ್ಟು ಜಾರಿಯಾದವೆಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿಯೇ ಎದ್ದೇಳಿ.