ಎರಡೂ ತುದಿ ಒಂದೇ ಕೈಯಲ್ಲಿ

ಕೆನಡಾದ ವ್ಯವಹಾರ ಮಾರಿಯಾಯಿತು. ಫ್ರಾನ್ಸಿನ ಶಾಖೆಗಳನ್ನು ಬಿಟ್ಟುಕೊಟ್ಟಾಯಿತು. ಅರ್ಜೆಂಟೀನಾದಿಂದ ಗಂಟುಮೂಟೆ ಕಟ್ಟಿಯಾಯಿತು. ಲಂಡನ್ನಿನಲ್ಲಿ ಮುಖ್ಯ ಕಚೇರಿಯಿರುವ ಅದೇ ಎಚ್‌ಎಸ್‌ಬಿಸಿ ಬ್ಯಾಂಕಿಗೆ 2025ರ ಜನವರಿಯಲ್ಲಿ ನಮ್ಮ ರಿಸರ್ವ್ ಬ್ಯಾಂಕು 20 ಹೊಸ ಶಾಖೆ ತೆರೆಯಲು ಅನುಮತಿ ಕೊಟ್ಟಿತು. ಪಟ್ಟಿಯಲ್ಲಿ ಮೈಸೂರೂ ಇದೆ.

ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಸಾಮಾನ್ಯ. ಒಂದು, 'ಬ್ಯಾಂಕು ಮುಳುಗುತ್ತಿದೆ, ಅದಕ್ಕೇ ಮಾರಿಕೊಳ್ಳುತ್ತಿದೆ'. ಇನ್ನೊಂದು, 'ವಿದೇಶಿ ಬ್ಯಾಂಕು ನಮ್ಮ ಬ್ಯಾಂಕುಗಳನ್ನು ನುಂಗಲು ಬರುತ್ತಿದೆ'. ಎರಡೂ ತಪ್ಪು ಅನ್ನುವುದು ನನ್ನ ವಾದ. 2024ರಲ್ಲಿ ತೆರಿಗೆಗೆ ಮೊದಲಿನ ಲಾಭ 3,230 ಕೋಟಿ ಡಾಲರ್ ತೋರಿಸಿದ ಸಂಸ್ಥೆ ಮುಳುಗುತ್ತಿದೆ ಎನ್ನಲಾಗದು. ಇಡೀ ಭಾರತದಲ್ಲಿ ಅದಕ್ಕೆ ಇದ್ದದ್ದು 26 ಶಾಖೆ. ಅದಕ್ಕೆ 20 ಸೇರಿಸಿಕೊಂಡವರು ಕೆನರಾ ಬ್ಯಾಂಕನ್ನು ನುಂಗುವುದೂ ಇಲ್ಲ. ಶಾಖೆ ಎಣಿಸುತ್ತಾ ಕೂತರೆ ಈ ಬ್ಯಾಂಕು ಅರ್ಥವಾಗುವುದೇ ಇಲ್ಲ. ಒಂದು ವ್ಯವಹಾರದ ಎರಡೂ ತುದಿ ತನ್ನ ಕೈಯಲ್ಲಿದ್ದಾಗ ಅದು ಬಹುಪಾಲು ಗೆದ್ದಿದೆ. ಒಂದೇ ತುದಿ ಹಿಡಿದು ಹೊರಟ ಕಡೆ ಹೆಚ್ಚಾಗಿ ಸೋತಿದೆ.

ಶುರುವಾದದ್ದೇ ಹಾಗೆ. ಪಿ ಆ್ಯಂಡ್ ಒ ಹಡಗು ಕಂಪನಿಯ ಹಾಂಗ್‌ಕಾಂಗ್ ಮೇಲ್ವಿಚಾರಕ ಥಾಮಸ್ ಸದರ್‌ಲ್ಯಾಂಡ್‌ಗೆ, ಬಾಂಬೆಯ ಹಣವಂತರು ಚೀನಾ ಕರಾವಳಿಗೆಂದು ಒಂದು ಬ್ಯಾಂಕು ಕಟ್ಟುತ್ತಿದ್ದಾರೆ, ಅಲ್ಲಿನ ವ್ಯಾಪಾರಿಗಳಿಗೆ ಅದರಲ್ಲಿ ಷೇರು ಚೂರೇ ಚೂರು ಎಂಬ ಸುದ್ದಿ ಸಿಕ್ಕಿತು. ಆಗ ಅಲ್ಲಿದ್ದ ಬ್ಯಾಂಕುಗಳ ಯಜಮಾನರೆಲ್ಲ ಲಂಡನ್ನಿನಲ್ಲೋ ಭಾರತದಲ್ಲೋ ಇರುವವರು. ಸರಕು ಹಾಂಗ್‌ಕಾಂಗಿನಲ್ಲಿ, ಸಾಲದ ತೀರ್ಮಾನ ಸಮುದ್ರದಾಚೆ. ಅಲ್ಲಿನವರದೇ ಒಂದು ಬ್ಯಾಂಕು ಕಟ್ಟಲು ಸದರ್‌ಲ್ಯಾಂಡ್ ಮುಂದಾದರು. ಅದು 50 ಲಕ್ಷ ಹಾಂಗ್‌ಕಾಂಗ್ ಡಾಲರ್ ಬಂಡವಾಳದಲ್ಲಿ 1865ರ ಮಾರ್ಚ್ 3ರಂದು ಹಾಂಗ್‌ಕಾಂಗಿನಲ್ಲಿ ಬಾಗಿಲು ತೆರೆಯಿತು, ಮರು ತಿಂಗಳು ಶಾಂಘೈನಲ್ಲಿ. ಎಚ್‌ಎಸ್‌ಬಿಸಿ ಅಂದರೆ ಹಾಂಗ್‌ಕಾಂಗ್ ಆ್ಯಂಡ್ ಶಾಂಘೈ ಬ್ಯಾಂಕಿಂಗ್ ಕಾರ್ಪೊರೇಷನ್, ಹೆಸರಿನಲ್ಲೇ ಎರಡು ಊರು. ಕಲ್ಕತ್ತೆಗೆ ಬಂದದ್ದು 1867ರಲ್ಲಿ.

ಆ ಕಾಲದ ದೊಡ್ಡ ಅಪಾಯ ಬೆಳ್ಳಿ. ಪೂರ್ವದ ಠೇವಣಿ ಬೆಳ್ಳಿಯಲ್ಲಿ, ಲಂಡನ್ನಿನ ಠೇವಣಿ ಪೌಂಡಿನಲ್ಲಿ. 1870ರ ದಶಕದಿಂದ ಬೆಳ್ಳಿಯ ಬೆಲೆ ಇಳಿಯುತ್ತಾ ಹೋಯಿತು. ಪೌಂಡಿನಲ್ಲಿ ಪಡೆದ ಠೇವಣಿಯನ್ನು ಬೆಳ್ಳಿಯ ಸಾಲವಾಗಿ ಕೊಟ್ಟವನು ವಾಪಸ್ ಕೊಡುವ ಹೊತ್ತಿಗೆ ಕೈ ಸುಟ್ಟುಕೊಳ್ಳುತ್ತಿದ್ದ. ಪೂರ್ವದಲ್ಲಿ ಅತಿ ದೊಡ್ಡದೆನಿಸಿದ್ದ ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರಲ್ಲಿ ಮುಗ್ಗರಿಸಿತು. ಥಾಮಸ್ ಜಾಕ್ಸನ್ ನಡೆಸುತ್ತಿದ್ದ ಎಚ್‌ಎಸ್‌ಬಿಸಿ ಪೌಂಡಿನ ಬಾಕಿಗೆ ಎದುರಾಗಿ ಪೌಂಡಿನ ಆಸ್ತಿ, ಬೆಳ್ಳಿಗೆ ಎದುರಾಗಿ ಬೆಳ್ಳಿ ಇಟ್ಟುಕೊಂಡು ಉಳಿಯಿತು. ನೂರೈವತ್ತು ವರ್ಷವಾದರೂ ಬ್ಯಾಂಕಿನ ಹಣದ ಹೊಂದಾಣಿಕೆ ನೋಡುವ ಟ್ರೆಶರಿಯವರು ಮಾಡುವ ಕೆಲಸ ಇದೇ, ಎಕ್ಸೆಲ್ ಶೀಟ್ ಬಂದಿದೆ ಅಷ್ಟೆ.

ಈಗ 'ಎರಡು ತುದಿ' ಅಂದರೇನು ಎಂದು ಹತ್ತಿರದಿಂದ ನೋಡೋಣ. ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಗುತ್ತದೆ ಅಂದುಕೊಳ್ಳಿ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 60 ಕೆ.ಜಿ.ಯ 320 ಚೀಲ, ಒಟ್ಟು 19.2 ಟನ್. ಕೊಳ್ಳುವವನಿಗೆ ಸರಕು ಬಾರದೆ ದುಡ್ಡು ಕೊಡಲು ಭಯ, ಮಾರುವವನಿಗೆ ದುಡ್ಡು ಬಾರದೆ ಸರಕು ಕಳಿಸಲು ಭಯ. ನಡುವೆ ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ಬರುತ್ತದೆ. ಕೊಳ್ಳುವವನ ಬ್ಯಾಂಕು 'ಇಂತಿಂಥ ಕಾಗದ ತೋರಿಸಿದರೆ ನಾನೇ ದುಡ್ಡು ಕೊಡುತ್ತೇನೆ' ಎಂದು ಬ್ಯಾಂಕುಗಳ ಸಂದೇಶ ಜಾಲವಾದ ಸ್ವಿಫ್ಟ್‌ನಲ್ಲಿ ಎಂಟಿ700 ಎಂಬ ಬಗೆಯ ಸಂದೇಶ ಕಳಿಸುತ್ತದೆ. ಗಮನಿಸಿ, ಬ್ಯಾಂಕು ನೋಡುವುದು ಕಾಗದವನ್ನು, ಕಾಫಿಯನ್ನಲ್ಲ. ಚೀಲದೊಳಗೆ ಮರಳಿದ್ದರೂ ಕಾಗದ ಸರಿಯಿದ್ದರೆ ದುಡ್ಡು ಹೋಗುತ್ತದೆ. ಕಾಫಿ ಘಮಘಮ ಅನ್ನುತ್ತಿದ್ದರೂ ಕಾಗದದಲ್ಲಿ ಎಡವಟ್ಟಾದರೆ ನಿಲ್ಲುತ್ತದೆ.

ಎಡವಟ್ಟು ಆಗುವುದು ಎಲ್ಲಿ? 2007ರ ಜುಲೈ 1ರಿಂದ ಜಾರಿಯಲ್ಲಿರುವ, ಎಲ್‌ಸಿಗಳಿಗೆ ಬ್ಯಾಂಕುಗಳು ಪಾಲಿಸುವ ಯುಸಿಪಿ 600 ನಿಯಮಗಳಲ್ಲಿ ಪ್ರಮಾಣಕ್ಕೆ ಶೇ 5ರಷ್ಟು ಹೆಚ್ಚುಕಡಿಮೆಯ ರಿಯಾಯಿತಿ ಇದೆ. ಆದರೆ ಎಲ್‌ಸಿಯಲ್ಲಿ ಪ್ರಮಾಣವನ್ನು ಚೀಲದ ಲೆಕ್ಕದಲ್ಲಿ ಬರೆದಿದ್ದರೆ ಆ ರಿಯಾಯಿತಿ ಸಿಗದು. 'ಹತ್ತೊಂಬತ್ತು ಟನ್ ಚಿಲ್ಲರೆ' ಎಂದು ತೂಕದಲ್ಲಿ ಬರೆದಿದ್ದರೆ ಸ್ವಲ್ಪ ಕಡಿಮೆ ಹೋದರೂ ಪರವಾಗಿಲ್ಲ. '320 ಚೀಲ' ಎಂದು ಬರೆದು 318 ಹೋದರೆ ಡಿಸ್ಕ್ರೆಪನ್ಸಿ, ಅಂದರೆ ಕಾಗದ ಎಲ್‌ಸಿಗೆ ತಾಳೆಯಾಗಲಿಲ್ಲ ಎಂದು ತಕರಾರು. ಎಲ್‌ಸಿಯಲ್ಲಿ 'ರೋಬಸ್ಟಾ ಪಾರ್ಚ್‌ಮೆಂಟ್ ಎಬಿ' ಇದ್ದು ಇನ್‌ವಾಯ್ಸಿನಲ್ಲಿ 'ರೋಬಸ್ಟಾ ಚೆರ್ರಿ ಎಬಿ' ಎಂದಿದ್ದರೂ ಅದೇ ಗತಿ. ಅರ್ಥ ಕೆಡಿಸದ ಸಣ್ಣ ಕಾಗುಣಿತದ ತಪ್ಪಿಗೆ ಮಾತ್ರ ಯಾರೂ ನಿಲ್ಲಿಸುವಂತಿಲ್ಲ. ಎಲ್‌ಸಿ ಬೇರೇನೂ ಹೇಳದಿದ್ದರೆ ಹಡಗಿಗೆ ಹಾಕಿದ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮುಗಿಯುವ ಮೊದಲು, ಕಾಗದ ಬ್ಯಾಂಕಿಗೆ ಸೇರಬೇಕು. ಕಾಗದ ಕೈಸೇರಿದ ಮೇಲೆ ಒಪ್ಪುವುದಕ್ಕೋ ತಿರಸ್ಕರಿಸುವುದಕ್ಕೋ ಬ್ಯಾಂಕಿಗೆ ಹೆಚ್ಚೆಂದರೆ 5 ಬ್ಯಾಂಕಿಂಗ್ ದಿನ. ಆ ಐದು ದಿನದಲ್ಲಿ ಬಾಯಿ ಬಿಡದೆ ಆರನೆಯ ದಿನ ತಪ್ಪು ತೋರಿಸಿದರೆ ಬ್ಯಾಂಕಿಗೇ ನಷ್ಟ, ದುಡ್ಡು ಕೊಡಲೇಬೇಕು. ಕಾಫಿಯ ಬೆಲೆ ಬಿದ್ದ ವಾರದಲ್ಲಿ ಕೊಳ್ಳುವವರ ಕಣ್ಣಿಗೆ ತಪ್ಪುಗಳು ಜಾಸ್ತಿ ಕಾಣುತ್ತವೆ ಅನ್ನುವುದು ಈ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತು.

ಈ ಒಂದು ಕಂಟೇನರಿನಿಂದ ಬ್ಯಾಂಕುಗಳಿಗೆ ಎಷ್ಟು ಕಡೆ ಆದಾಯ ನೋಡಿ. ಎಲ್‌ಸಿ ತೆರೆದದ್ದಕ್ಕೆ ಕಮಿಷನ್, ತಲುಪಿಸಿದ್ದಕ್ಕೆ ಶುಲ್ಕ, ಬಿಲ್ಲನ್ನು ಮುಂಗಡವಾಗಿ ಕೊಂಡರೆ ಬಡ್ಡಿ, ಡಾಲರನ್ನು ರೂಪಾಯಿ ಮಾಡಿದರೆ ದರದ ಅಂತರ, ಕೊನೆಗೆ ಎರಡೂ ಕಡೆಯ ಖಾತೆಯಲ್ಲಿ ಕೂತ ಬಡ್ಡಿಯಿಲ್ಲದ ಹಣ. ಬೇರೆ ಬೇರೆ ಬ್ಯಾಂಕುಗಳಾದರೆ ಹಂಚಿಕೊಳ್ಳಬೇಕು. ಎರಡೂ ತುದಿಯಲ್ಲಿ ಒಂದೇ ಬ್ಯಾಂಕಿದ್ದರೆ ಅಷ್ಟೂ ಒಂದೇ ಮನೆಗೆ.

ಹಣ ದಾಟಿಸುವ ಕೆಲಸವೂ ಹೀಗೇ. ಸ್ವಿಫ್ಟ್ ದುಡ್ಡು ಸಾಗಿಸುವುದಿಲ್ಲ, ಸಂದೇಶ ಮಾತ್ರ ಸಾಗಿಸುತ್ತದೆ. ದುಡ್ಡು ಸರಿಯುವುದು ಒಂದು ಬ್ಯಾಂಕು ಇನ್ನೊಂದರಲ್ಲಿ ಇಟ್ಟುಕೊಂಡ ಖಾತೆಯಲ್ಲಿ. ಅದಕ್ಕೇ ನಾಸ್ಟ್ರೊ ಅನ್ನುವುದು. ಎರಡು ಬ್ಯಾಂಕುಗಳಿಗೆ ನೇರ ಖಾತೆ ಇಲ್ಲದಿದ್ದರೆ ನಡುವೆ ಮೂರನೆಯವನು ಬರುತ್ತಾನೆ. ಒಂದೊಂದು ನಿಲ್ದಾಣದಲ್ಲೂ ಕಟ್‌ಆಫ್ ಸಮಯ, ಒಂದೊಂದರಲ್ಲೂ ತಪಾಸಣೆ, ಒಂದೊಂದರಲ್ಲೂ ಕಡಿತ. ಶುಲ್ಕದ ಆಯ್ಕೆಯಲ್ಲಿ 'ಎಸ್‌ಎಚ್‌ಎ' (ಶುಲ್ಕ ಇಬ್ಬರಿಗೂ ಹಂಚಿಕೆ) ಎಂದು ಹಾಕಿದರೆ ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಂಡೇ ಮುಂದೆ ಕಳಿಸಬಹುದು. 50,000 ಡಾಲರಿನ ಇನ್‌ವಾಯ್ಸಿಗೆ 49,965 ಬಂದರೆ ರಫ್ತುದಾರ ಉಳಿದ 35ನ್ನು ಬ್ಯಾಂಕ್ ಚಾರ್ಜ್ ಎಂದು ತೋರಿಸಿ, ರಫ್ತಿನ ಹಣ ಬಂತೇ ಎಂದು ಲೆಕ್ಕವಿಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ಆ ಶಿಪ್ಪಿಂಗ್ ಬಿಲ್ಲಿನ ಎಂಟ್ರಿ ಮುಚ್ಚಿಸಿಕೊಳ್ಳಬೇಕು. ಮರೆತರೆ ಅದು ಬಾಕಿ ಎಂದೇ ಕಾಣುತ್ತಿರುತ್ತದೆ.

ಇನ್ನು ಸೋತ ಕಡೆಗೆ ಬರೋಣ. 1959ರಲ್ಲಿ ಮರ್ಕೆಂಟೈಲ್ ಬ್ಯಾಂಕು ಕೊಂಡದ್ದು ಸರಿಯಾದ ಹೆಜ್ಜೆ; ಬಾಂಬೆಯಲ್ಲಿ ಹುಟ್ಟಿದ ಆ ಬ್ಯಾಂಕಿನಿಂದ ಭಾರತದ ತುದಿ ಗಟ್ಟಿಯಾಯಿತು. 1965ರಲ್ಲಿ ಜನ ಮುಗಿಬಿದ್ದು ಠೇವಣಿ ತೆಗೆಯುತ್ತಿದ್ದಾಗ ಹಾಂಗ್‌ಕಾಂಗಿನ ಹಾಂಗ್ ಸೆಂಗ್ ಬ್ಯಾಂಕಿನ ಶೇ 51 ಪಾಲನ್ನು 5.1 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹಿಡಿದದ್ದು, ನನ್ನ ಪ್ರಕಾರ, ಅದರ ಚರಿತ್ರೆಯಲ್ಲೇ ಅತ್ಯುತ್ತಮ ಖರೀದಿ. 1992ರಲ್ಲಿ ಬ್ರಿಟನ್ನಿನ ಮಿಡ್‌ಲ್ಯಾಂಡ್ ಬ್ಯಾಂಕು ಕೊಂಡು, ಮರುವರ್ಷ ಮುಖ್ಯ ಕಚೇರಿಯನ್ನೇ ಲಂಡನ್ನಿಗೆ ಸಾಗಿಸಿತು. ಅಲ್ಲಿಂದಾಚೆ ಕೊಳ್ಳುವ ಚಟ ಹತ್ತಿತು.

2003ರಲ್ಲಿ ಸುಮಾರು 1,400 ಕೋಟಿ ಡಾಲರಿಗೆ ಅಮೆರಿಕದ ಹೌಸ್‌ಹೋಲ್ಡ್ ಇಂಟರ್‌ನ್ಯಾಷನಲ್. ಬ್ಯಾಂಕುಗಳು ಬೇಡವೆಂದವರಿಗೆ ಹೆಚ್ಚು ಬಡ್ಡಿಗೆ ಸಾಲ ಕೊಡುವ ಕಂಪನಿ. ಇದರಲ್ಲಿ ಇನ್ನೊಂದು ತುದಿ ಎಲ್ಲಿದೆ? ಹಾಂಗ್‌ಕಾಂಗಿನ ವ್ಯಾಪಾರಿಗೂ ಅಲ್ಲಿನ ಸಾಲಗಾರನಿಗೂ ಏನು ಸಂಬಂಧ? ಸಾಲದು ಎಂಬಂತೆ ಬೇರೆಯವರು ಕೊಟ್ಟ ಎರಡನೇ ಅಡಮಾನದ ಸಾಲಗಳನ್ನೂ ರಾಶಿಯಾಗಿ ಕೊಂಡರು. ಎರಡನೇ ಅಡಮಾನದ ಲೆಕ್ಕ ಸರಳ: ಮನೆ 2 ಲಕ್ಷ ಡಾಲರ್, ಮೊದಲ ಸಾಲ 1.6 ಲಕ್ಷ, ಎರಡನೆಯದು 40 ಸಾವಿರ. ಬೆಲೆ ಶೇ 20 ಇಳಿದು ಮನೆ ಹರಾಜಾದರೆ ಮೊದಲನೆಯವನಿಗೆ ಪೂರ್ತಿ, ಎರಡನೆಯವನಿಗೆ ಸೊನ್ನೆ. ನಷ್ಟ ಶೇ 20 ಅಲ್ಲ, ಶೇ 100. 2007ರ ಫೆಬ್ರವರಿಯಲ್ಲಿ, ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಕುಸಿಯುವುದಕ್ಕೆ ಒಂದೂವರೆ ವರ್ಷ ಮೊದಲೇ, ಈ ಬ್ಯಾಂಕು ಕೆಟ್ಟ ಸಾಲಕ್ಕೆಂದು ಸಾವಿರ ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. 2009ರ ಮಾರ್ಚಿನಲ್ಲಿ ಅಲ್ಲಿ ಹೊಸ ಸಾಲ ನಿಲ್ಲಿಸಿ, ಷೇರುದಾರರ ಮುಂದೆ 1,250 ಕೋಟಿ ಪೌಂಡಿಗೆ ಕೈಯೊಡ್ಡಿತು. ಈ ಖರೀದಿ ಮಾಡಬಾರದಿತ್ತು ಎಂದು ಅಧ್ಯಕ್ಷ ಸ್ಟೀಫನ್ ಗ್ರೀನ್ ಬಹಿರಂಗವಾಗಿಯೇ ಒಪ್ಪಿಕೊಂಡರು.

ಮೆಕ್ಸಿಕೊ ಕಥೆ ಇನ್ನೂ ವಿಚಿತ್ರ, ಯಾಕೆಂದರೆ ಅಲ್ಲಿ ಎರಡೂ ತುದಿ ಕೈಯಲ್ಲೇ ಇದ್ದವು. 2002ರಲ್ಲಿ ಬಿಟಾಲ್ ಎಂಬ ಬ್ಯಾಂಕು ಕೊಂಡಿದ್ದರು. ಮಾದಕವಸ್ತು ಜಾಲದವರು ಕ್ಯಾಷ್ ಕೌಂಟರಿನ ಕಿಂಡಿಗೆ ಸರಿಯಾಗಿ ಹಿಡಿಸುವ ಅಳತೆಯ ಪೆಟ್ಟಿಗೆ ಮಾಡಿಸಿ ಡಾಲರ್ ಕಟ್ಟುಗಳನ್ನು ತುಂಬಿ ತರುತ್ತಿದ್ದರು. 2007 ಮತ್ತು 2008ರಲ್ಲಿ ಮೆಕ್ಸಿಕೊದ ಬ್ಯಾಂಕಿನಿಂದ ಅದರ ಅಮೆರಿಕದ ಬ್ಯಾಂಕಿಗೆ 700 ಕೋಟಿ ಡಾಲರ್ ನಗದು ಹೋಯಿತು. ಅಮೆರಿಕದವರು ಯಾಕೆ ಕೇಳಲಿಲ್ಲ? ಕಳಿಸುವವರು ನಮ್ಮದೇ ಗುಂಪಿನವರು, ಅವರನ್ನೇನು ತಪಾಸಣೆ ಮಾಡುವುದು ಎಂಬ ಧೋರಣೆ. ಮೆಕ್ಸಿಕೊಗೆ ಕೊಟ್ಟಿದ್ದ ಅಪಾಯದ ದರ್ಜೆ ತೀರ ಕೆಳಗಿನದು. ಹಾಗಾಗಿ ಅಲ್ಲಿಂದ ಬಂದ 67,000 ಕೋಟಿ ಡಾಲರಿಗೂ ಹೆಚ್ಚಿನ ವೈರ್ ವರ್ಗಾವಣೆಗೆ ಸರಿಯಾದ ನಿಗಾವೇ ಇರಲಿಲ್ಲ. ಅನುಮಾನ ಬಂದು ತಪಾಸಣೆಗೆ ಬಿದ್ದ 17,000 ಅಲರ್ಟ್ (ಎಚ್ಚರಿಕೆ ಸಂದೇಶ) ಒಂದು ಹಂತದಲ್ಲಿ ಯಾರೂ ನೋಡದೆ ಬಿದ್ದಿದ್ದವು. 2012ರ ಡಿಸೆಂಬರಿನಲ್ಲಿ 190 ಕೋಟಿ ಡಾಲರ್ ಕಟ್ಟಿ ವಿಚಾರಣೆ ತಪ್ಪಿಸಿಕೊಂಡಿತು. ಜೈಲಿಗೆ ಒಬ್ಬರೂ ಹೋಗಲಿಲ್ಲ. ದುಡ್ಡು ಷೇರುದಾರರದು, ಬಿಡಿ.

ಅಲರ್ಟ್ ನೋಡುವ ಕೆಲಸಕ್ಕೆ ಆಮೇಲೆ ಬೆಲೆ ಬಂತು. ಎಚ್‌ಎಸ್‌ಬಿಸಿ ಸೇರಿದಂತೆ ಇಂಥ ಬ್ಯಾಂಕುಗಳ ಸೇವಾಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಕೆಲಸ ಹೀಗೆ: ಸಂದೇಶದಲ್ಲಿರುವ ಹೆಸರು, ವಿಳಾಸ, ಹಡಗು, ಎಲ್ಲವನ್ನೂ ಸಾಫ್ಟ್‌ವೇರು ನಿರ್ಬಂಧಿತರ ಪಟ್ಟಿಗೆ ಹೋಲಿಸುತ್ತದೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಕ್ಯೂಬಾ ಸ್ಟ್ರೀಟ್ ಎಂಬ ರಸ್ತೆಯಿದೆ. ಯಂತ್ರಕ್ಕೆ ಕಾಣುವುದು ಅಮೆರಿಕದ ನಿರ್ಬಂಧವಿರುವ ದೇಶ 'ಕ್ಯೂಬಾ' ಮಾತ್ರ. ಪೇಮೆಂಟ್ ನಿಂತಿತು. ಮೊದಲ ಹಂತದವರು ಹುಟ್ಟಿದ ದಿನ, ದೇಶ, ವಿಳಾಸ ತಾಳೆ ನೋಡಿ ಬಿಡುತ್ತಾರೆ. ಅನುಮಾನ ಉಳಿದರೆ ಎರಡನೇ ಹಂತ. ಅಲ್ಲೂ ತೀರದಿದ್ದರೆ ಕಳಿಸಿದವರಿಗೆ ಪ್ರಶ್ನೆ. ಆ ಪ್ರಶ್ನೆ ಬಂದ ದಾರಿಯಲ್ಲೇ ಬ್ಯಾಂಕಿನಿಂದ ಬ್ಯಾಂಕಿಗೆ ಹಿಂದೆ ಹೋಗಿ ಉತ್ತರ ಬರುವಷ್ಟರಲ್ಲಿ ವಾರ. ಉದ್ದೇಶದ ಜಾಗದಲ್ಲಿ ಬರೀ 'ಪೇಮೆಂಟ್' ಎಂದು ಬರೆದವರದು ಹೆಚ್ಚು ಸಿಕ್ಕಿಬೀಳುತ್ತದೆ. ಇನ್‌ವಾಯ್ಸ್ ಸಂಖ್ಯೆ, ಸರಕಿನ ಹೆಸರು, ಎರಡೂ ಕಡೆಯವರ ಪೂರ್ತಿ ಹೆಸರು ಇದ್ದರೆ ಮೊದಲ ಹಂತದಲ್ಲೇ ಮುಗಿಯುತ್ತದೆ.

ಈಗಿನ ಮಾರಾಟಗಳನ್ನು ಈ ಕಣ್ಣಿನಲ್ಲಿ ನೋಡಿ. 2000ದಲ್ಲಿ ಸುಮಾರು 1,100 ಕೋಟಿ ಯೂರೋಗೆ ಅಲ್ಲಿನ ಸಿಸಿಎಫ್ ಬ್ಯಾಂಕು ಕೊಂಡು ಕಟ್ಟಿಕೊಂಡ ಫ್ರಾನ್ಸಿನ ಚಿಲ್ಲರೆ ವ್ಯವಹಾರವನ್ನು 2024ರ ಜನವರಿಯಲ್ಲಿ 1 ಯೂರೋಗೆ ಬಿಟ್ಟಿತು. ದೊಡ್ಡ ಕಂಪನಿಗಳ ವ್ಯವಹಾರವನ್ನು ಮಾತ್ರ ಉಳಿಸಿಕೊಂಡಿತು. ಅದಕ್ಕೂ ಮುಂಚೆ, 2023ರ ಮಾರ್ಚಿನಲ್ಲಿ, ಅಮೆರಿಕದಲ್ಲಿ ಕುಸಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಬ್ರಿಟನ್ ಅಂಗಸಂಸ್ಥೆಯನ್ನು 1 ಪೌಂಡಿಗೆ ಕೊಂಡಿತು, ಸ್ಟಾರ್ಟ್‌ಅಪ್ ಕಂಪನಿಗಳು ನಾಳೆ ಗಡಿ ದಾಟುವವು ಎಂಬ ಲೆಕ್ಕದಲ್ಲಿ. ಕೆನಡಾ ಮಾತ್ರ ಒಳ್ಳೆಯ ಬೆಲೆಗೆ, 1,350 ಕೋಟಿ ಕೆನಡಾ ಡಾಲರಿಗೆ ಹೋಯಿತು. ಅದನ್ನು ಮಾರಿದ್ದು ಸರಿಯೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಹಾಂಗ್‌ಕಾಂಗಿನಿಂದ ವ್ಯಾಂಕೂವರಿಗೆ ವಲಸೆ ಹೋದ ಕುಟುಂಬಗಳಿಗಿಂತ ಒಳ್ಳೆಯ 'ಎರಡು ತುದಿ' ಎಲ್ಲಿ ಸಿಗುತ್ತದೆ?

ಮೈಸೂರಿನ ಶಾಖೆಯೂ ಅಂಥದೇ ತುದಿ. ಅವರ ಕಣ್ಣಿರುವುದು ಕುವೆಂಪುನಗರದಲ್ಲಿ ಅಪ್ಪಅಮ್ಮ, ಸಿಂಗಪುರದಲ್ಲೋ ಲಂಡನ್ನಿನಲ್ಲೋ ಮಗಳು ಇರುವ ಮನೆಗಳ ಮೇಲೆ. ಅನಿವಾಸಿಗಳು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಹಣ ಬೇಕೆಂದಾಗ ವಾಪಸ್ ಕೊಂಡೊಯ್ಯಬಹುದು. ಇಲ್ಲಿನ ಆದಾಯ ಇಡುವ ಎನ್‌ಆರ್‌ಒ ಖಾತೆಯಿಂದಾದರೆ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಜೊತೆಗೆ ತೆರಿಗೆಯ ಕಾಗದಪತ್ರ. ಇಂಥ ಖಾತೆ ತೆರೆಸಲು ಯಾವ ಬ್ಯಾಂಕಿನವರು ಬಂದರೂ 'ಟ್ರಾನ್ಸ್‌ಫರ್ ಉಚಿತ' ಎಂದರೆ ಶುಲ್ಕದ ಮಾತು ಬಿಟ್ಟು ದರ ಕೇಳಿ. ಆ ನಿಮಿಷದ ಮಾರುಕಟ್ಟೆ ದರಕ್ಕೂ ಅವರು ಕೊಡುವ ದರಕ್ಕೂ ಡಾಲರಿಗೆ ಎಷ್ಟು ಪೈಸೆ ಅಂತರ ಎಂದು ಬರೆಸಿಕೊಳ್ಳಿ. 50 ಪೈಸೆ ಅಂದರೆ, ಒಂದು ಲಕ್ಷ ಡಾಲರಿಗೆ 50,000 ರೂಪಾಯಿ.